ಅಟ್ಟದ ದೀಪಕ್ಕೆ ಕರೆಂಟು ಕೊಟ್ಟೆವು



ದಸರಾ ರಜದಲ್ಲಿ ಅಟ್ಟ ಗುಡಿಸುವಾಗ ನನಗೆ ಹಿತ್ತಾಳೆಯ ಹಳೇ ಸೀಮೆಎಣ್ಣೆ ದೀಪವೊಂದು ಸಿಕ್ಕಿತು. ಮೈಯೆಲ್ಲಾ ಹಸಿರು ಕಿಲುಬು, ಗಾಜಿನ ಚಿಮಣಿ ಇಲ್ಲ. "ಅಯ್ಯೋ, ನಾನು ಮದುವೆಯಾಗಿ ಬಂದಾಗ ಈ ಮನೇಲಿ ಇದ್ದದ್ದು ಇದೊಂದೇ ದೀಪ ಕಣೋ" ಅಂದರು ಅಜ್ಜಿ. ಶಿವನಸಮುದ್ರದ ವಿದ್ಯುತ್ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಬಂದಿತ್ತು. ಆದರೆ ಹಳ್ಳಿಗಳು ಆಮೇಲೂ ಎಷ್ಟೋ ವರ್ಷ ಇಂಥ ದೀಪದಲ್ಲೇ ಬಾಳಿದವು.

ಅಜ್ಜಿಗೆ ರಾತ್ರಿ ಕಣ್ಣು ಸರಿಯಾಗಿ ಕಾಣದು. ಇದನ್ನೇ ಕರೆಂಟಿನ ದೀಪ ಮಾಡಿ ಅವರ ಹಾಸಿಗೆ ಪಕ್ಕ ಇಡೋಣ ಅಂದೆ. ವೈರಿಂಗ್ ಕೆಲಸ ಮಾಡುವ ಚಿಕ್ಕಪ್ಪ ಒಪ್ಪಿದರು.

1. ತೊಳೆಯುವುದು: ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಕಿಲುಬು ತಾಮ್ರದಿಂದ ಆಗುವುದು. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಅದನ್ನು ಕರಗಿಸುತ್ತದೆ. ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ಒಳಗಿನ ಸೀಮೆಎಣ್ಣೆಯ ಪಸೆ ಹೋಗಲು ಸೋಪಿನ ನೀರಲ್ಲಿ ತೊಳೆದು ನಾಲ್ಕು ದಿನ ಬಿಸಿಲಿಗಿಟ್ಟೆ.

2. ಜೋಡಿಸುವುದು: ಹಳೇ ವಸ್ತುವಿಗೆ ಹೊಸ ತೂತು ಕೊರೆಯಲಿಲ್ಲ. ಬತ್ತಿಯ ಭಾಗ ಬಿಚ್ಚಿ ಜೋಪಾನ ಮಾಡಿ, ಅಲ್ಲಿಗೆ ಮರದ ಬಿರಡೆ ಕೂರಿಸಿ ಹೋಲ್ಡರ್ ಹಾಕಿದೆವು. ವೈರನ್ನು ಎಣ್ಣೆ ಹಾಕುವ ತೂತಿನಿಂದ ಹೊರಕ್ಕೆ ತಂದೆವು.

ಸ್ವಿಚ್ ಒತ್ತಿದಾಗ ಬಲ್ಬು ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅಜ್ಜಿ ಬರಿಗಾಲಲ್ಲಿ ಬಂದು ಕೈ ಚಾಚಿದರು. "ಅವ್ವಾ, ಮುಟ್ಬ್ಯಾಡ, ತಡಿ!" ಎಂದು ಚಿಕ್ಕಪ್ಪ ಕೂಗಿದರು. ದೀಪದ ಮೈಗೆ ಟೆಸ್ಟರ್ ಇಟ್ಟರೆ ಟೆಸ್ಟರೂ ಹತ್ತಿತು! ನನ್ನ ಎದೆ ಧಸಕ್ ಎಂದಿತು.

ತೂತಿನ ಅಂಚು ಹರಿತವಾಗಿತ್ತು. ನಾನು ವೈರ್ ಎಳೆಯುವಾಗ ಅದರ ಮೇಲಿನ ಹೊದಿಕೆ ಕುಯ್ದು, ಫೇಸ್ ತಂತಿ ಹಿತ್ತಾಳೆಗೆ ತಾಗಿತ್ತು. ಬಲ್ಬಿನ ಮಂಡಲ ಪೂರ್ತಿ ಇದ್ದದ್ದರಿಂದ ಅದು ಉರಿಯುತ್ತಲೇ ಇತ್ತು. ಅಜ್ಜಿ ಮುಟ್ಟಿದ್ದರೆ ವಿದ್ಯುತ್ ಅವರ ಮೈಯಿಂದ ನೆಲಕ್ಕೆ ಹರಿಯುತ್ತಿತ್ತು. ದೀಪ ಹತ್ತಿತೆಂದರೆ ಸರಿಯಾಗಿದೆ ಎಂದಲ್ಲ ಅಂತ ಅವತ್ತು ಗೊತ್ತಾಯಿತು.

3. ಸರಿಪಡಿಸುವುದು: ಪ್ಲಗ್ ಕಿತ್ತು, ಅಂಚನ್ನು ಅರದಿಂದ ಉಜ್ಜಿ, ರಬ್ಬರ್ ಕೊಳವೆ ತೊಡಿಸಿದೆವು. ಮೂರು ತಂತಿಯ ಹೊಸ ವೈರ್ ಹಾಕಿ, ಹಸಿರು ತಂತಿಯನ್ನು ಬುಡದ ನಟ್ಟಿಗೆ ಬಿಗಿದು ಮೂರು ಪಿನ್ನಿನ ಪ್ಲಗ್ ಕೊಟ್ಟೆವು. ಇದೇ ಅರ್ಥಿಂಗ್. ಇನ್ನು ಫೇಸ್ ಮೈಗೆ ತಾಗಿದರೆ ವಿದ್ಯುತ್ ಹಸಿರು ತಂತಿಯಲ್ಲಿ ಜೋರಾಗಿ ಹರಿದು ಫ್ಯೂಸ್ ಹೋಗುತ್ತದೆ, ಜೀವ ಉಳಿಯುತ್ತದೆ. ಗೋಡೆಯ ಪ್ಲಗ್ಗಿಗೂ ಅರ್ಥಿಂಗ್ ಇದೆಯೇ ಎಂದು ಚಿಕ್ಕಪ್ಪ ಪರೀಕ್ಷಿಸಿದರು.

ಲೆಕ್ಕ: ದಿನಕ್ಕೆ 5 ಗಂಟೆಯಂತೆ 30 ದಿನ ಉರಿಸಿದರೆ 40 ವ್ಯಾಟಿನ ಹಳೇ ಬಲ್ಬಿಗೆ 6 ಯೂನಿಟ್ ಬೇಕು. ನಮ್ಮ 5 ವ್ಯಾಟಿನ ಎಲ್‌ಇಡಿಗೆ ಮುಕ್ಕಾಲು ಯೂನಿಟ್ ಸಾಕು.

ನೆನಪಿಡಿ: ಲೋಹದ ದೀಪಕ್ಕೆ ಅರ್ಥಿಂಗ್ ಬೇಕೇ ಬೇಕು. ವೈರಿಂಗ್ ತಿಳಿದ ದೊಡ್ಡವರಿಲ್ಲದೆ ಇಂಥ ಕೆಲಸಕ್ಕೆ ಕೈ ಹಾಕಬೇಡಿ.

ಈಗ ಅಜ್ಜಿ ರಾತ್ರಿ ತಾವೇ ದೀಪ ಹಾಕಿಕೊಳ್ಳುತ್ತಾರೆ. "ಎಣ್ಣೆ ಮುಗಿಯೋ ಭಯ ಇಲ್ಲ ಬಿಡು" ಅಂತ ನಗುತ್ತಾರೆ.

ನಿಮಗೊಂದು ಪ್ರಶ್ನೆ: ಪ್ಲಗ್ಗಿನ ಮೂರನೆಯ ಪಿನ್ನು ಉಳಿದೆರಡಕ್ಕಿಂತ ಉದ್ದ ಏಕೆ? ಉತ್ತರ ಬರೆದು ಗೋಡೆಪತ್ರಿಕೆಯ ಡಬ್ಬಿಗೆ ಹಾಕಿ.

— 9ನೇ ತರಗತಿಯ ವಿದ್ಯಾರ್ಥಿ