ಹಲಾಲ್ ಪ್ರಮಾಣಪತ್ರ: ರಫ್ತಿಗೆ ಮುನ್ನ ಅರಿಯಬೇಕಾದ ವಿಚಾರಗಳು

ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳು ತೊಗರಿ, ಉದ್ದು, ಕಡಲೆ, ಸೋಯಾಬೀನ್ ಬೆಳೆಯುವ ಪ್ರದೇಶ. ಇಲ್ಲಿನ ಬೇಳೆ ಗಿರಣಿಯ ಮಾಲೀಕರಾಗಲಿ, ಕಮಠಾಣದಂತಹ ಊರಿನ ಬಿಸ್ಕತ್ತು ತಯಾರಕರಾಗಲಿ ಕೊಲ್ಲಿ ರಾಷ್ಟ್ರಗಳಿಗೆ ಅಥವಾ ಇಂಡೋನೇಷ್ಯಾಕ್ಕೆ ಸರಕು ಕಳುಹಿಸಲು ಮುಂದಾದಾಗ, ಹಲಾಲ್ ಪ್ರಮಾಣಪತ್ರದ ಪ್ರಶ್ನೆ ಎದುರಾಗುತ್ತದೆ. ಅವಸರದಲ್ಲಿ ಯಾವುದೋ ಸಂಸ್ಥೆಯಿಂದ ಪತ್ರ ಪಡೆದರೆ ಶುಲ್ಕವೂ ವ್ಯರ್ಥ, ಸರಕೂ ಬಂದರಿನಲ್ಲಿ ಉಳಿಯುವ ಸಂಭವವುಂಟು.

ಅರ್ಥ ಮತ್ತು ವ್ಯಾಪ್ತಿ

‘ಹಲಾಲ್’ ಎಂಬ ಅರಬ್ಬೀ ಪದಕ್ಕೆ ‘ಧರ್ಮಸಮ್ಮತ’ ಎಂದರ್ಥ. ಹಂದಿ, ರಕ್ತ, ತಾನಾಗಿ ಸತ್ತ ಪ್ರಾಣಿ ಹಾಗೂ ಮದ್ಯ ನಿಷಿದ್ಧ. ಮಾಂಸವಾದರೆ, ಜೀವಂತ ಪ್ರಾಣಿಯನ್ನು ಮುಸ್ಲಿಂ ವ್ಯಕ್ತಿಯು ಅಲ್ಲಾಹನ ಹೆಸರು ಹೇಳಿ ನಿಯಮಾನುಸಾರ ಕೊಯ್ದಿರಬೇಕು. ಅಂತರರಾಷ್ಟ್ರೀಯ ಕೋಡೆಕ್ಸ್ ಆಯೋಗದ 1997ರ ಮಾರ್ಗಸೂಚಿಯಂತೆ ಸಂಸ್ಕರಣೆ, ಸಾಗಣೆ ಮತ್ತು ಸಂಗ್ರಹಣೆಯಲ್ಲಿಯೂ ನಿಷಿದ್ಧ ವಸ್ತುವಿನ ಸಂಪರ್ಕವಿರಕೂಡದು.

ಏನನ್ನೂ ಬೆರೆಸದ ಬೇಳೆಯು ಸ್ವಭಾವತಃ ಹಲಾಲ್ ಆಗಿದ್ದು, ಖರೀದಿದಾರರು ಲಿಖಿತವಾಗಿ ಕೇಳದ ಹೊರತು ಪತ್ರಕ್ಕಾಗಿ ವೆಚ್ಚ ಮಾಡಬೇಕಾದ ಪ್ರಮೇಯ ವಿರಳ. ಬಿಸ್ಕತ್ತಿನ ವಿಚಾರ ಬೇರೆ. ಜೆಲಾಟಿನ್ ಹಂದಿಯ ಚರ್ಮದಿಂದ ಬಂದಿರಬಹುದು. ಇ-471 ಸಂಖ್ಯೆಯ ಪದಾರ್ಥವು ಸಸ್ಯದ ಎಣ್ಣೆಯಿಂದಲೂ ಪ್ರಾಣಿಯ ಕೊಬ್ಬಿನಿಂದಲೂ ತಯಾರಾಗುತ್ತದೆ. ಸುಗಂಧ ದ್ರವ್ಯದಲ್ಲಿ ಮದ್ಯಸಾರವಿರಬಹುದು.

ಪ್ರಮಾಣೀಕರಣ ಮತ್ತು ಉಸ್ತುವಾರಿ

ಅರ್ಜಿಯೊಡನೆ ಕಚ್ಚಾವಸ್ತುಗಳ ಪೂರ್ಣ ಪಟ್ಟಿ, ಪೂರೈಕೆದಾರರ ದೃಢೀಕರಣ ಹಾಗೂ ತಯಾರಿಕೆಯ ಹಂತಗಳ ವಿವರ ಸಲ್ಲಿಸಬೇಕು. ಅನಂತರ ಆಹಾರ ತಂತ್ರಜ್ಞರು ಮತ್ತು ಷರಿಯತ್ ಬಲ್ಲವರು ಘಟಕವನ್ನು ಪರಿಶೀಲಿಸುತ್ತಾರೆ. ಅವರ ವರದಿಯ ಮೇಲೆ ಸಂಸ್ಥೆಯು ತೀರ್ಮಾನ ಕೈಗೊಳ್ಳುತ್ತದೆ. ಪತ್ರವು ನಮೂದಿತ ಘಟಕ, ಉತ್ಪನ್ನ ಮತ್ತು ಅವಧಿಗೆ ಮಾತ್ರ ಅನ್ವಯಿಸುತ್ತದೆ. ಅವಧಿಯೊಳಗೆ ಮರುಪರಿಶೀಲನೆಗೆ ಅವಕಾಶವಿರುತ್ತದೆ. ಪೂರೈಕೆದಾರರನ್ನು ಬದಲಿಸಿಯೂ ತಿಳಿಸದಿದ್ದರೆ ಪತ್ರ ರದ್ದಾಗಬಹುದು. ಆದ್ದರಿಂದ ಖರೀದಿ ಬಿಲ್ಲು, ಬ್ಯಾಚ್ ಸಂಖ್ಯೆ, ದಾಸ್ತಾನು ಪುಸ್ತಕ ಪರಸ್ಪರ ತಾಳೆಯಾಗುವಂತಿರಬೇಕು. ಲೆಕ್ಕಪತ್ರ ಅಚ್ಚುಕಟ್ಟಾಗಿರುವ ಘಟಕಕ್ಕೆ ಈ ತಪಾಸಣೆ ಹೊರೆಯಾಗದು.

ಯಾರ ಪತ್ರ ಮಾನ್ಯ?

ಭಾರತದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಅಥವಾ ನೋಂದಣಿ ಕಡ್ಡಾಯ. ಹಲಾಲ್ ಪತ್ರವು ಐಚ್ಛಿಕವಾಗಿದ್ದು, ಖಾಸಗಿ ಸಂಸ್ಥೆಗಳು ಹಾಗೂ ಧಾರ್ಮಿಕ ಟ್ರಸ್ಟುಗಳು ನೀಡುತ್ತವೆ. ಉತ್ತರ ಪ್ರದೇಶ ಸರ್ಕಾರವು 2023ರ ನವೆಂಬರ್ 18ರಂದು ಹಲಾಲ್ ಪ್ರಮಾಣಿತ ಸರಕಿನ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸಿ, ರಫ್ತಿಗೆ ವಿನಾಯಿತಿ ನೀಡಿತು. ಆ ರಾಜ್ಯದಲ್ಲಿ ವಹಿವಾಟುಳ್ಳವರು ದೇಶೀಯ ಮಾರಾಟದ ಮತ್ತು ರಫ್ತಿನ ಲೇಬಲುಗಳನ್ನು ಬೇರೆಬೇರೆಯಾಗಿಡುವುದು ಕ್ಷೇಮ.

ಮಾಂಸ ರಫ್ತಿಗೆ ನಿಯಮ ಬಿಗಿಯಾಗಿದೆ. ಯುಎಇ, ಸೌದಿ ಅರೇಬಿಯಾ, ಮಲೇಷ್ಯಾ ಸೇರಿದಂತೆ 15 ರಾಷ್ಟ್ರಗಳಿಗೆ ‘ಹಲಾಲ್ ಪ್ರಮಾಣಿತ’ವೆಂದು ಮಾಂಸ ಕಳುಹಿಸಲು, ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ‘ಐ-ಕ್ಯಾಸ್ ಹಲಾಲ್’ ಯೋಜನೆಯಡಿ ಘಟಕವು ಪ್ರಮಾಣಪತ್ರ ಹೊಂದಿರಬೇಕೆಂಬ ನಿಯಮವು 2024ರ ಅಕ್ಟೋಬರ್ 16ರಿಂದ ಜಾರಿಗೆ ಬಂದಿತು.

ಸರಕು ಸೇರುವ ದೇಶದ ಮಾನ್ಯತೆಯೂ ಅಗತ್ಯ. ಮಲೇಷ್ಯಾದಲ್ಲಿ ಆಮದು ಆಹಾರವನ್ನು ಹಲಾಲ್ ಎಂದು ಕರೆಯಲು ‘ಜಾಕಿಂ’ ಇಲಾಖೆ ಅಥವಾ ಅದು ಮಾನ್ಯ ಮಾಡಿದ ಸಂಸ್ಥೆಯ ಪತ್ರ ಬೇಕು. ಇಂಡೋನೇಷ್ಯಾವು 2014ರ ಕಾಯಿದೆಯಿಂದ ಹಲಾಲ್ ಪ್ರಮಾಣೀಕರಣವನ್ನು ಹಂತಹಂತವಾಗಿ ಕಡ್ಡಾಯಗೊಳಿಸಿದೆ. ಒಂದು ದೇಶಕ್ಕೆ ಸಲ್ಲುವ ಪತ್ರ ಮತ್ತೊಂದಕ್ಕೆ ಸಲ್ಲದಿರಬಹುದು.

ವೆಚ್ಚದ ವಿವೇಚನೆ

ಅರ್ಜಿ ಶುಲ್ಕ, ತಪಾಸಕರ ಪ್ರಯಾಣ ವೆಚ್ಚ, ನವೀಕರಣ ಶುಲ್ಕ ಇವೆಲ್ಲವನ್ನೂ ಕೂಡಿಸಿ, ನಿರೀಕ್ಷಿತ ರಫ್ತಿನ ಲಾಭದೊಡನೆ ಹೋಲಿಸಬೇಕು. ಶುಲ್ಕಕ್ಕೆ ಜಿಎಸ್‌ಟಿ ತೆತ್ತಿದ್ದರೆ, ನೋಂದಾಯಿತ ರಫ್ತುದಾರರು ನಿಯಮಾನುಸಾರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಬಹುದು. ಅದಕ್ಕೆ ತೆರಿಗೆ ಬಿಲ್ಲು ಇರಬೇಕು. ಎಲ್ಲಕ್ಕಿಂತ ಮೊದಲು, ಯಾವ ಸಂಸ್ಥೆಯ ಪತ್ರ ಸಲ್ಲುತ್ತದೆಂಬುದನ್ನು ಖರೀದಿದಾರರಿಂದ ಲಿಖಿತವಾಗಿ ಪಡೆದು, ಅನಂತರವೇ ಹಣ ಪಾವತಿಸುವುದು ಜಾಣತನ.