ಡಾಸಿಯಾ: ಅಗ್ಗದ ಕಾರು ಬಾಳಿಕೆ ಬರುತ್ತದೆಯೇ?

ಡಸ್ಟರ್ ಕಾರನ್ನು ನೀವು ರಸ್ತೆಯಲ್ಲಿ ನೋಡಿರಬಹುದು. ನಮ್ಮ ದೇಶಕ್ಕೆ ಅದು 2012ರಲ್ಲಿ ರೆನೋ ಹೆಸರಿನಲ್ಲಿ ಬಂತು. ಯುರೋಪಿನಲ್ಲಿ 2010ರಿಂದಲೇ ಅದರ ಹೆಸರು ಡಾಸಿಯಾ ಡಸ್ಟರ್. ಡಾಸಿಯಾ ರೊಮೇನಿಯಾ ದೇಶದ ಕಂಪನಿ. ರೋಮನ್ನರ ಕಾಲದಲ್ಲಿ ಆ ಸೀಮೆಗೇ ಡಾಸಿಯಾ ಅಂತ ಹೆಸರಿತ್ತು.

ಕಂಪನಿ ಶುರುವಾದದ್ದು 1966ರಲ್ಲಿ. ಆಗ ಅಲ್ಲಿ ಕಮ್ಯುನಿಸ್ಟ್ ಸರ್ಕಾರ. ಫ್ರಾನ್ಸಿನ ರೆನೋ ಕಂಪನಿಯ ಅನುಮತಿ ಪಡೆದು 1969ರಲ್ಲಿ ಡಾಸಿಯಾ 1300 ಎಂಬ ಕಾರು ತಯಾರಿಸಿದರು. ಅದನ್ನೇ ಅಷ್ಟಿಷ್ಟು ಬದಲಾಯಿಸುತ್ತಾ 2004ರವರೆಗೂ ಮಾಡಿದರು. ಅಬ್ಬಾ, 35 ವರ್ಷ!

1999ರಲ್ಲಿ ರೆನೋ ಈ ಕಂಪನಿಯನ್ನೇ ಕೊಂಡಿತು. 2004ರಲ್ಲಿ ಲೋಗನ್ ಕಾರು ಬಂತು. 5,000 ಯೂರೋಗೆ ಕಾರು ಕೊಡಬೇಕು ಅನ್ನೋದು ಗುರಿ. ದುಡ್ಡು ಹೇಗೆ ಉಳಿಸಿದರು ಗೊತ್ತೆ? ಎಡಬಲದ ಕನ್ನಡಿಗಳು ಒಂದೇ ಅಚ್ಚಿನವು. ಮುಂದಿನ ಗಾಜಿಗೆ ಬಾಗು ಕಡಿಮೆ. ಎಂಜಿನ್ ಹೊಸದಾಗಿ ಮಾಡಿದ್ದಲ್ಲ, ರೆನೋ ಕಾರುಗಳಲ್ಲಿ ಓಡಿ ಪಳಗಿದ್ದು. ಅಗ್ಗದ ವಸ್ತು ಬೇಗ ಕೆಡುತ್ತೆ ಅಂತ ನಮ್ಮ ಮಾವ ಹೇಳ್ತಾರೆ. ಇಲ್ಲಿ ಅದು ಪೂರ್ತಿ ನಿಜವಲ್ಲ. ಕೆಡೋ ಸಾಮಾನೇ ಕಡಿಮೆ ಇದ್ದರೆ ಕೆಡೋದು ಏನು?

ಆದರೆ ದಾರಿಯಲ್ಲಿ ಕೆಟ್ಟು ನಿಲ್ಲದಿರೋದು ಬೇರೆ, ಅಪಘಾತದಲ್ಲಿ ಜನರ ಜೀವ ಉಳಿಸೋದು ಬೇರೆ. ಯುರೋ ಎನ್‌ಕ್ಯಾಪ್ ಎಂಬ ಸಂಸ್ಥೆ ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡುತ್ತದೆ. ಅಪಘಾತ ತಪ್ಪಿಸೋ ಸಾಧನಗಳು ಎಷ್ಟಿವೆ ಅಂತಲೂ ನೋಡುತ್ತದೆ. ಆಮೇಲೆ 5ಕ್ಕೆ ಇಷ್ಟು ಅಂತ ನಕ್ಷತ್ರ ಕೊಡುತ್ತದೆ. 2021ರಲ್ಲಿ ಡಾಸಿಯಾದ ಸ್ಯಾಂಡೆರೊ ಸ್ಟೆಪ್‌ವೇಗೆ ಸಿಕ್ಕಿದ್ದು 2. ಸ್ಪ್ರಿಂಗ್ ಎಂಬ ಬ್ಯಾಟರಿ ಕಾರಿಗೆ 1. ನಮ್ಮ ಪರೀಕ್ಷೆಯಲ್ಲಾದರೆ ಫೇಲೇ!