ಹಳೆಯ ಮನೆ-ಚಿತ್ರದ ಸುರುಳಿಯನ್ನು ಪರೀಕ್ಷಿಸುವ ಬಗೆ

ಮುಂಬಯಿಯಲ್ಲಿ ಹಳೆಯ ಸಾಮಾನು ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ಆಫೀಸಿನ ಗೋದಾಮು ತೆರವಾಗುವಾಗ, ಹಳೆಯ ಚಾಳನ್ನು ಕೆಡವುವಾಗ, ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಅಡ್ಡಾಡುವಾಗ ಅಂಗೈಯಗಲದ ಡಬ್ಬಿಯೊಂದು ಕಣ್ಣಿಗೆ ಬೀಳಬಹುದು. ಒಳಗೆ ಕಿರಿದಾದ ಫಿಲ್ಮಿನ ಸುರುಳಿ. ಅದರಲ್ಲಿ ಯಾರದೋ ಮದುವೆ, ಮಗುವಿನ ನಾಮಕರಣ, ಜುಹೂ ತೀರದ ಒಂದು ಭಾನುವಾರ. ಇಂಥವನ್ನು ಕೂಡಿಡುವ ಹವ್ಯಾಸ ನಮ್ಮ ವಾಚಕರಲ್ಲಿಯೂ ಕೆಲವರಿಗೆ ಇರಬಹುದು. ದುಡಿದ ಹಣ ವ್ಯರ್ಥವಾಗಬಾರದು, ಸಿಕ್ಕ ವಸ್ತುವೂ ಕೆಡಬಾರದು ಎಂಬ ಉದ್ದೇಶದಿಂದ ಈ ಪಾಠವನ್ನು ಬರೆಯುತ್ತಿದ್ದೇವೆ.

ಮೊದಲು ಒಂದು ಮಾತನ್ನು ಮನದಟ್ಟು ಮಾಡಿಕೊಳ್ಳಬೇಕು. ಚಿತ್ರಮಂದಿರದ ಸಿನಿಮಾಕ್ಕೆ ನೆಗೆಟಿವ್ ಇರುತ್ತದೆ, ಹಲವು ಪ್ರತಿಗಳಿರುತ್ತವೆ. ಆದರೂ 1931ರ ಮಾರ್ಚ್ 14ರಂದು ಇದೇ ಊರಿನ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡ 'ಆಲಂ ಆರಾ'ದ ಒಂದು ಪ್ರತಿಯೂ ಇಂದು ಉಳಿದಿಲ್ಲ. 1934ರ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ಗತಿಯೂ ಅದೇ. ಮನೆ-ಚಿತ್ರದ ಸ್ಥಿತಿ ಇನ್ನೂ ನಾಜೂಕು. ಅವುಗಳಲ್ಲಿ ಹೆಚ್ಚಿನವು ರಿವರ್ಸಲ್ ಫಿಲ್ಮು: ಕ್ಯಾಮರಾದಲ್ಲಿ ಓಡಿದ ಪಟ್ಟಿಯನ್ನೇ ತೊಳೆದು, ಅದನ್ನೇ ತೆರೆಗೆ ಬಿಡುತ್ತಿದ್ದರು. ನೆಗೆಟಿವ್ ಇಲ್ಲ, ಸಾಮಾನ್ಯವಾಗಿ ಎರಡನೆಯ ಪ್ರತಿಯೂ ಇಲ್ಲ. ಆದುದರಿಂದ 'ಓಡುತ್ತದೋ ಇಲ್ಲವೋ ನೋಡೋಣ' ಎಂದು ಸುರುಳಿಯನ್ನು ಪ್ರೊಜೆಕ್ಟರಿಗೆ ಏರಿಸಕೂಡದು. ಪರೀಕ್ಷೆ ನಡೆಯಬೇಕಾದದ್ದು ಕಣ್ಣು, ಮೂಗು, ಕೈಗಳಿಂದ, ಯಂತ್ರದಿಂದಲ್ಲ.

ಅಳತೆ: ಪಟ್ಟಿಯ ಅಗಲವನ್ನು ಅಡಿಕೋಲಿನಿಂದ ಅಳೆಯಿರಿ. 16 ಮಿಲಿಮೀಟರಿನದು 1923ರಲ್ಲಿಯೂ, 8 ಮಿಲಿಮೀಟರಿನದು 1932ರಲ್ಲಿಯೂ, ಸೂಪರ್-8 ಎಂಬುದು 1965ರಲ್ಲಿಯೂ ಬಂದವು. ಕೊನೆಯ ಎರಡರ ಅಗಲ ಒಂದೇ. ಆದರೆ ಸೂಪರ್-8ರಲ್ಲಿ ತೂತು ಚಿಕ್ಕದು, ಚಿತ್ರದ ನಡುಮಟ್ಟಕ್ಕೆ ಇರುತ್ತದೆ. ಹಳೆಯ 8ರಲ್ಲಿ ಎರಡು ಚಿತ್ರಗಳ ಸಂಧಿಯಲ್ಲಿರುತ್ತದೆ. ತೂತು ಪಟ್ಟಿಯ ಮಧ್ಯದಲ್ಲಿಯೇ ಇದ್ದರೆ ಅದು ಪಾಥೆ ಕಂಪೆನಿಯ 9.5 ಮಿಲಿಮೀಟರಿನ ಫಿಲ್ಮು. ಮನೆ-ಚಿತ್ರದ ಈ ಅಳತೆಗಳನ್ನು ಸುಲಭವಾಗಿ ಹೊತ್ತಿಕೊಳ್ಳದ ಫಿಲ್ಮಿನಲ್ಲಿ ತಯಾರಿಸುತ್ತಿದ್ದರು. ಆದರೆ 35 ಮಿಲಿಮೀಟರಿನ, 1950ರ ಸುಮಾರಿಗಿಂತ ಹಳೆಯ ಪಟ್ಟಿ ಸಿಕ್ಕರೆ ಎಚ್ಚರ. ಅದು ನೈಟ್ರೇಟ್ ಆಗಿರಬಹುದು, ಬೆಂಕಿಯ ಭಯವುಂಟು. ಅದನ್ನು ಕೋಣೆಗೂ ತರಬೇಡಿ, ಲೋಕಲ್ ಗಾಡಿಯಲ್ಲಿಯೂ ಒಯ್ಯಬೇಡಿ. 2003ರ ಜನವರಿಯಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಸಂಗ್ರಹದ ನೈಟ್ರೇಟ್ ಸುರುಳಿಗಳು ಬೆಂಕಿಗೆ ಆಹುತಿಯಾದವು.

ವಾಸನೆ: ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ವಿನಿಗರಿನ ಹುಳಿ ವಾಸನೆ ಬಂದರೆ ಫಿಲ್ಮಿನ ಮೂಲವಸ್ತುವಾದ ಅಸಿಟೇಟ್ ಕೊಳೆಯತೊಡಗಿದೆ ಎಂದು ತಿಳಿಯಬೇಕು. ಸೆಖೆ ಮತ್ತು ತೇವ ಈ ರೋಗಕ್ಕೆ ತಾಯಿ-ತಂದೆ. 1948ರಲ್ಲಿ ಟ್ರೈ-ಅಸಿಟೇಟ್ ಫಿಲ್ಮು ಬಂದು ಹತ್ತು ವರ್ಷ ತುಂಬುವ ಮೊದಲೇ ಕೊಡಕ್ ಕಂಪೆನಿಗೆ ಇದರ ಮೊದಲ ದೂರು ಹೋಯಿತು. ಹೋದದ್ದು ಭಾರತ ಸರ್ಕಾರದಿಂದ. ಒಮ್ಮೆ ಹುಟ್ಟಿದ ಆಮ್ಲವೇ ಕೊಳೆಯನ್ನು ಮತ್ತಷ್ಟು ಬೆಳೆಸುತ್ತದೆ, ಅದರ ಆವಿ ನೆರೆಯ ಸುರುಳಿಗಳಿಗೂ ತಾಗುತ್ತದೆ. ಆದುದರಿಂದ ಅಂಥದನ್ನು ಬೇರೆಯಾಗಿ ಇಡತಕ್ಕದ್ದು. ಮೂಗಿನ ಸಾಕ್ಷಿ ಸಾಲದವರಿಗೆ ಒಂದು ಬಗೆಯ ಪರೀಕ್ಷಾ ಕಾಗದವಿದೆ. ಅದನ್ನು ಡಬ್ಬಿಯಲ್ಲಿಟ್ಟರೆ ಆಮ್ಲ ಹೆಚ್ಚಿದಂತೆ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತದೆ.

ಆಕಾರ ಮತ್ತು ಕುಗ್ಗು: ಒಳ್ಳೆಯ ಸುರುಳಿ ಮಗ್ಗುಲಿನಿಂದ ನೋಡಿದರೆ ಸಮತಟ್ಟು. ಅಂಚು ಅಲೆಯಲೆಯಾಗಿದ್ದರೆ, ಪಟ್ಟಿ ದೋಣಿಯಂತೆ ಬಾಗಿದ್ದರೆ, ಬಿಳಿಯ ಪುಡಿ ಉದುರಿದರೆ ರೋಗ ಬಲಿತಿದೆ. ಕುಗ್ಗನ್ನು ಲೆಕ್ಕ ಹಾಕುವುದು ಸುಲಭ. 16 ಮಿಲಿಮೀಟರಿನ 100 ಚಿತ್ರಗಳು, ಹಳೆಯ 8ರ 200 ಚಿತ್ರಗಳು, ಸೂಪರ್-8ರ 180 ಚಿತ್ರಗಳು, ಇವು ಹೊಸದಿದ್ದಾಗ 30 ಅಂಗುಲ, ಎಂದರೆ 762 ಮಿಲಿಮೀಟರು ಇರುತ್ತವೆ. ಅಷ್ಟೇ ಚಿತ್ರಗಳು ಈಗ 754 ಮಿಲಿಮೀಟರೇ ಇದ್ದರೆ ನೂರಕ್ಕೆ ಒಂದು ಪಾಲು ಕುಗ್ಗಿದಂತಾಯಿತು. ಅದನ್ನು ಪ್ರೊಜೆಕ್ಟರಿಗೆ ಹಾಕಿದರೆ ಹಲ್ಲುಗಳು ತೂತುಗಳನ್ನು ಹರಿಯುತ್ತವೆ.

ಮೈ ಮತ್ತು ಬಣ್ಣ: ಕೈ ತೊಳೆದು ಒರಸಿಕೊಂಡು, ಪಟ್ಟಿಯನ್ನು ಅಂಚಿನಲ್ಲಿ ಮಾತ್ರ ಹಿಡಿದು, ಬೆಳಕಿಗೆ ಅಡ್ಡವಾಗಿಟ್ಟು ಭೂತಗನ್ನಡಿಯಿಂದ ನೋಡಿರಿ. ಹರಿದ ತೂತು, ಬಿಟ್ಟುಕೊಂಡ ಜೋಡಣೆ, ಉದ್ದುದ್ದ ಗೀರುಗಳನ್ನು ಗುರುತು ಹಾಕಿಕೊಳ್ಳಿರಿ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೆ ಬರುವ ಬೂಷ್ಟು ಫಿಲ್ಮಿಗೂ ಬರುತ್ತದೆ. ಚಿತ್ರವನ್ನು ಹೊತ್ತ ಜೆಲಾಟಿನ್ ಲೇಪವೇ ಅದಕ್ಕೆ ಆಹಾರ. ಒದ್ದೆ ಬಟ್ಟೆಯಿಂದ ಒರಸಿದರೆ ಬೂಷ್ಟಿನೊಡನೆ ಚಿತ್ರವೂ ಹೋದೀತು. ಬಣ್ಣದ ಫಿಲ್ಮುಗಳಲ್ಲಿ ಕೊಡಾಕ್ರೋಮ್ ಕತ್ತಲೆಯಲ್ಲಿಟ್ಟರೆ ಬಣ್ಣ ಬಹುಕಾಲ ಉಳಿಸಿಕೊಳ್ಳುತ್ತದೆ. ಹಲವು ಬೇರೆ ಜಾತಿಗಳಲ್ಲಿ ನೀಲಿ-ಹಸಿರು ಮಾಸಿ ಎಲ್ಲವೂ ಕೆಂಪಾಗಿ ಕಾಣುತ್ತದೆ.

ಬೆಲೆ: ಮುಚ್ಚಿದ ಡಬ್ಬಿಯನ್ನು ಕೊಳ್ಳುವುದು ನೀರಿನಲ್ಲಿರುವ ಎಮ್ಮೆಗೆ ಬೆಲೆ ಕಟ್ಟಿದಂತೆ. ವಾಸನೆಯಿಲ್ಲದೆ, ಸಮತಟ್ಟಾಗಿ, ತೂತುಗಳು ಸರಿಯಿದ್ದರೆ ಉತ್ತಮ ದರ್ಜೆ. ಗೀರು, ಅಲ್ಪ ಹರಿವು ಇದ್ದರೆ ಮಧ್ಯಮ. ಹುಳಿ ವಾಸನೆ, ಬಾಗು, ಬೂಷ್ಟು ಇದ್ದರೆ ಕನಿಷ್ಠ. ಆದರೆ ಕನಿಷ್ಠವೆಂದು ಬಿಸಾಡತಕ್ಕದ್ದಲ್ಲ. 1964ರ ಮಾರ್ಚ್ 31ರಂದು ನಿಂತುಹೋದ ಮುಂಬಯಿಯ ಟ್ರಾಮು ಅದರೊಳಗೆ ಓಡುತ್ತಿರಬಹುದು. ಬ್ರಿಟಿಷರು ಭಾರತದಲ್ಲಿ ತೆಗೆದ ಮನೆ-ಚಿತ್ರಗಳನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರ ಜೋಪಾನವಾಗಿ ಇಟ್ಟಿದೆ. ನಮ್ಮವರು ತೆಗೆದವೂ ಅಷ್ಟೇ ಬಾಳುತ್ತವೆ. ರೋಗ ಹಿಡಿದ ಸುರುಳಿಯನ್ನು ಬೇಗನೆ ಸ್ಕ್ಯಾನ್ ಮಾಡಿಸಿ ನಕಲು ಪಡೆಯಬೇಕು. ಚಿತ್ರ ಅಪರೂಪದ್ದೆಂದು ತೋರಿದರೆ ಮುಂಬಯಿಯಲ್ಲಿ 2014ರಲ್ಲಿ ಸ್ಥಾಪನೆಯಾದ ಫಿಲ್ಮ್ ಹೆರಿಟೇಜ್ ಫೌಂಡೇಶನ್ನನ್ನಾಗಲಿ, 1964ರಿಂದ ಪುಣೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನಾಗಲಿ ವಿಚಾರಿಸಬಹುದು.

ಜೋಪಾನ: ತಗಡಿನ ಮಾಡಿನ ಕೆಳಗಿನ ಅಟ್ಟ, ಒಲೆಯ ಹತ್ತಿರ, ನೀರು ಸೋರುವ ಗೋಡೆ, ಇವು ಮೂರೂ ಕೂಡದು. ಒಂದೇ ಕೋಣೆಯ ಬಿಡಾರದಲ್ಲಿಯೂ ನೆರಳಿನ, ತಂಪಾದ, ಒಣ ಮೂಲೆಯೊಂದು ಸಿಕ್ಕೀತು.

ಕೊನೆಯದಾಗಿ, ಸುರುಳಿ ಎಲ್ಲಿ ಸಿಕ್ಕಿತು, ಕೊಟ್ಟವರು ಏನು ಹೇಳಿದರು, ಡಬ್ಬಿಯ ಮೇಲೆ ಏನು ಬರೆದಿತ್ತು, ಇಷ್ಟನ್ನು ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಮನೆ-ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಮಾತಿಲ್ಲ. ಅದರೊಳಗಿನ ಮುಖಗಳು ತಮ್ಮ ಹೆಸರನ್ನು ತಾವೇ ಹೇಳಲಾರವು. ಆ ಚೀಟಿ ಇದ್ದರೆ, ಕಳೆದುಕೊಂಡ ಮನೆಯವರು ಎಂದಾದರೂ ತಮ್ಮ ಹಿರಿಯರನ್ನು ಗುರುತಿಸಿಯಾರು.